ಅಂಗಳದ ತುಂಬ ಕಂಡವರ ದನ

ಹಗರೆ
4 ಮಾರ್ಚ್ 2025

ರೀ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಆ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ. ನೀವು ಜೈಲು ಸೇರಿ ವಾರ ಕಳೆಯಿತು. ನೋಡಲು ಬರಬೇಡ ಎಂದು ವಕೀಲ ರಘುರಾಮ್ ಅವರ ಹತ್ತಿರ ಹೇಳಿ ಕಳಿಸಿದ್ದೀರಿ. ಬರುವುದಕ್ಕೆ ನನಗೆ ಪುರುಸೊತ್ತಾದರೂ ಎಲ್ಲಿದೆ ಹೇಳಿ? ಕರೇಕಲ್ಲು ಗುಡ್ಡಕ್ಕೆ ಬೆಂಕಿ ಬಿದ್ದ ದಿನ ನೀವೂ ನಿಮ್ಮ ಬಳಗದವರೂ ಲಗೇಜ್ ಆಟೋದಲ್ಲಿ ಇಳಿಸಿ ತಂದ ದನಗಳೆಲ್ಲ ಇನ್ನೂ ನಮ್ಮ ಅಂಗಳದಲ್ಲೇ ಇವೆ. ಗುಡ್ಡದ ಬುಡದ ಆ ಊರಿನಲ್ಲಿ ಕೊಟ್ಟಿಗೆಗಳು ಬೂದಿ, ಹುಲ್ಲಿನ ಬಣವೆಗಳೂ ಬೂದಿ. ಹೊಡೆದುಕೊಂಡು ಹೋಗಿ ಎಲ್ಲಿ ಕಟ್ಟಬೇಕು ಅವರು? ಹಾಗಾಗಿ ಬಾಗಿಲು ತೆಗೆದರೆ ನನ್ನ ಮುಖಕ್ಕೆ ಏಕಾಂತಯ್ಯನ ಎಮ್ಮೆಯ ಮೂತಿ. ಅದರ ಕೆಚ್ಚಲು ಸುಟ್ಟಿದೆ, ಮುಲಾಮು ಹಚ್ಚಲು ಹೋದರೆ ಒದೆಯುತ್ತದೆ. ಯಾರದ್ದೋ ಬೆಕ್ಕೊಂದು ಒಲೆಯ ಪಕ್ಕ ಬಿಡಾರ ಹೂಡಿ, ಈ ಮನೆಯ ಯಜಮಾನಿ ತಾನೇ ಅನ್ನುವ ಹಾಗೆ ನನ್ನನ್ನು ನೋಡುತ್ತದೆ. ಬೆಕ್ಕು ಎಂದರೆ ನನಗೆ ಆಗುವುದಿಲ್ಲ ಎಂದು ಗೊತ್ತಿದ್ದೂ ತಂದಿರಲ್ಲ!

ಬೇಲೂರಿನಿಂದ ಮೇಧಿನಿ ಮೇಡಂ ಬಂದಿದ್ದರು. ಬೆಂಕಿ ಬಿದ್ದ ಕಡೆಯೆಲ್ಲ ಹೋಗಿ ದನಕರು, ನಾಯಿ, ಬೆಕ್ಕು ಇಳಿಸುವ ನಿಮ್ಮ ‘ಮೂಕಪ್ರಾಣಿ ಬಳಗ’ವನ್ನು ಕಟ್ಟಿದವರು ಅವರು. ನಿಮ್ಮನ್ನು ಬಾಯಿತುಂಬ ಅಣ್ಣ ಎನ್ನುತ್ತಿದ್ದವರು. ನಿಮ್ಮನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದವರೂ ಅವರೇ. ಬಂದು ನನ್ನೆದುರು ಕೂತು ಅತ್ತರು. ‘ಅಳೋ ಕೆಲ್ಸ ನಂದಲ್ವಾ ಮೇಡಂ, ನೀವ್ಯಾಕೆ ಅಳ್ತೀರಿ’ ಎಂದೆ. ಆಮೇಲೆ ಕಾಫಿ ಕೊಟ್ಟೆ.

ಆ ವಿಡಿಯೊ ತೋರಿಸಿದರು. ದನ ಇಳಿಸುವುದನ್ನು ನಾಲ್ಕು ಜನ ನೋಡಲಿ ಎಂದು ಬಳಗದವರೇ ತೆಗೆದದ್ದು. ಅದರಲ್ಲಿ ಚೆನ್ನಾಗಿ ಕಾಣುವುದು ಒಂದೇ, ನೀವು ಬಗ್ಗಿ ಒಣಹುಲ್ಲಿಗೆ ಕಡ್ಡಿ ಗೀರುವುದು. ಆಚೆ ಉರಿಯುವ ಗುಡ್ಡ ಹೊಗೆಯಲ್ಲಿ ಮುಚ್ಚಿಹೋಗಿದೆ. ಅದು ಎದುರು ಬೆಂಕಿ, ಬರುವ ಬೆಂಕಿಗೆ ತಿನ್ನಲು ಹುಲ್ಲು ಸಿಗದಿರಲಿ ಎಂದು ಈ ಕಡೆಯಿಂದ ಮೊದಲೇ ಸುಟ್ಟದ್ದು ಎಂದು ನನಗೆ ಗೊತ್ತು, ಅರಣ್ಯದವರಿಗೂ ಗೊತ್ತು. ಆದರೆ ‘ಹಾಗಾದ್ರೆ ಮೊದಲು ಹಚ್ಚಿದೋರು ಯಾರಪ್ಪ’ ಎಂದು ಅವರು ಕೇಳಿದರೆ ನೀವು ಬಾಯಿ ಬಿಡಲಿಲ್ಲವಂತೆ. ಗೊತ್ತಿಲ್ಲ ಅಂತಲೂ ಅನ್ನಲಿಲ್ಲವಂತೆ. ಗೊತ್ತಿಲ್ಲ ಅನ್ನಲು ಏನು ರೋಗ ನಿಮಗೆ? ನಾಲಿಗೆ ಸವೆದುಹೋಗುತ್ತಿತ್ತಾ?

ಉತ್ತರ ಬರೆಯಿರಿ. ವಕೀಲರ ಕೈಗೇ ಕೊಡಿ, ಅವರು ಕಂಡವರ ಕಾಗದ ಒಡೆಯುವವರಲ್ಲ.

ನಿಮ್ಮ ಮೇಲೆ ಕೋಪ ಇಳಿಯದ,
ಹೇಮಾಶ್ರೀ

*

ಜೈಲಿನಿಂದ
12 ಮಾರ್ಚ್ 2025

ಹೇಮಾ,

ಇಷ್ಟು ಬೈದಿದ್ದೀಯ ಎಂದರೆ ಗಟ್ಟಿಯಾಗಿದ್ದೀಯ. ಓದಿ ಸಮಾಧಾನವಾಯಿತು. ಎಮ್ಮೆಗೆ ಮೊದಲು ಮುಂದೆ ಹಿಂಡಿ ಇಡು, ಅದು ಬಾಯಿ ಹಾಕಿದ ಮೇಲೆ ಮುಲಾಮು ಹಚ್ಚು. ಎಡಗಡೆಯಿಂದ ಹೋಗಬೇಡ, ಬೆಂಕಿ ಅದಕ್ಕೆ ಎಡಗಡೆಯಿಂದಲೇ ಬಂದದ್ದು. ಬೆಕ್ಕಿನ ವಿಷಯಕ್ಕೆ ನನ್ನನ್ನು ಬೈಯಬೇಡ. ಅದನ್ನು ನಾನು ತರಲಿಲ್ಲ, ಅದೇ ಸೀಟಿನ ಕೆಳಗೆ ಹತ್ತಿ ಕೂತಿತ್ತು.

ಇಲ್ಲಿ ಮಲಗಿದರೆ ಆ ದಿನದ್ದೇ ನೆನಪು. ಹಗ್ಗ ಕೊಯ್ದು ಬಿಟ್ಟರೆ ಸಾಕು, ದನ ತಾವೇ ಓಡಿ ಬದುಕಿಕೊಳ್ಳುತ್ತವೆ ಎಂದು ಮೇಧಿನಿ ಮೇಡಂ ತಿಳಿದಿದ್ದರು. ಬಿಟ್ಟ ಹಸು ಎಲ್ಲಿಗೆ ಓಡಿತು ಗೊತ್ತಾ? ವಾಪಸು ಕೊಟ್ಟಿಗೆಗೇ. ಭಯವಾದರೆ ಅದಕ್ಕೆ ಗೊತ್ತಿರುವ ಜಾಗ ಅದೊಂದೇ. ಆಮೇಲೆ ಕರುವನ್ನು ಮೊದಲು ಆಟೋಗೆ ಹಾಕಿದೆವು, ತಾಯಿ ಹಿಂದೆಯೇ ಬಂತು. ಎತ್ತುಗಳ ಕಣ್ಣಿಗೆ ಒದ್ದೆ ಗೋಣಿ ಕಟ್ಟಿ, ಯಾರದ್ದೋ ಮನೆಯ ಬಾಗಿಲು ಕಿತ್ತು ಹಾಸಿ ಹತ್ತಿಸಿದೆವು. ಇನ್ನೊಂದು ಸಲ ಹೋಗಿ ಬರುವಷ್ಟು ಹೊತ್ತು ಬೆಂಕಿ ಕೊಡುವುದಿಲ್ಲ ಎಂದು ಕಂಡಿತು. ಅದಕ್ಕೇ ಎದುರು ಬೆಂಕಿ ಹಾಕಿದೆ. ಅದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಇಲ್ಲಿ ಕಿಟಕಿ ಎತ್ತರದಲ್ಲಿದೆ. ಆಕಾಶ ಕಾಣುತ್ತದೆ, ನೆಲ ಕಾಣುವುದಿಲ್ಲ. ಕಟ್ಟಿಹಾಕಿದ ದನ ಯಾಕೆ ಇಡೀ ದಿನ ಗೋಡೆ ನೆಕ್ಕುತ್ತದೆ ಎಂದು ಈಗ ತಿಳಿಯುತ್ತಿದೆ. ನೀನು ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಬೇಡ. ಬೇಲು ಸಿಗುತ್ತದೆ ಎಂದು ವಕೀಲರು ಹೇಳಿದ್ದಾರೆ. ನಿನ್ನಪ್ಪ ಬಂದರೆ ಬಿಸಿ ಮುದ್ದೆ ಹಾಕಿ ಕಳಿಸು. ದಮ್ಮಿನ ಔಷಧಿ ತಪ್ಪಿಸಬೇಡ ಮಾವ ಅಂತ ನಾನು ಹೇಳಿದೆ ಎಂದು ಹೇಳು.

ಮಧು

*

ಹಗರೆ
21 ಮಾರ್ಚ್ 2025

ರೀ,

ಬೇಲಿನ ಅರ್ಜಿ ವಜಾ ಆಯಿತು ಎಂದು ವಕೀಲರು ಫೋನ್ ಮಾಡಿದ್ದರು. ಮೊದಲ ಬೆಂಕಿ ಯಾರದು ಎಂದು ಗೊತ್ತಾಗುವ ತನಕ ನಿಮ್ಮನ್ನು ಬಿಡುವ ಹಾಗೆ ಕಾಣುವುದಿಲ್ಲವಂತೆ. ಅದನ್ನು ಕೇಳಿಸಿಕೊಂಡು ಹಾಲು ಕರೆಯಲು ಕೂತೆ. ನಮ್ಮ ಹಸು ಹಾಲು ಬಿಡಲಿಲ್ಲ.

ಕರೇಕಲ್ಲಿನವರು ಒಬ್ಬೊಬ್ಬರಾಗಿ ತಮ್ಮ ದನ ಹೊಡೆದುಕೊಂಡು ಹೋಗುತ್ತಿದ್ದಾರೆ. ಕೆಲವರು ಮಾತಾಡುವುದಿಲ್ಲ. ಅದೇ ವಾಸಿ. ಏಕಾಂತಯ್ಯ ಎಮ್ಮೆಗೆಂದು ಬಂದ, ನೀರು ಕೊಟ್ಟರೆ ಮುಟ್ಟಲಿಲ್ಲ. ‘ಬೆಂಕಿ ಇಕ್ಕೋರೂ ನೀವೇ, ಆಮ್ಯಾಕೆ ಪುಣ್ಯ ಕಟ್ಕಳಾಕೆ ಗಾಡಿ ತರೋರೂ ನೀವೇ’ ಎಂದ. ನಾನು ಸುಮ್ಮನಿರುತ್ತೇನಾ? ‘ಹಂಗಾದ್ರೆ ನಿಮ್ಮೆಮ್ಮೆ ಇಷ್ಟು ದಿನ ತಿಂದಿರೋ ನಮ್ಮ ಹುಲ್ಲನ್ನ ಇಲ್ಲೇ ಕಕ್ಕಿಸಿ ಹೊಡ್ಕೊಂಡೋಗಿ’ ಎಂದೆ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಎಮ್ಮೆ ಗೇಟಿನ ಹತ್ತಿರ ನಿಂತು ನನ್ನ ಕಡೆ ತಿರುಗಿ ನೋಡಿತು ರೀ. ಒದ್ದು ಒದ್ದು ನನ್ನ ಮೊಣಕಾಲು ಊದಿಸಿದ ಎಮ್ಮೆ. ಅವತ್ತು ಅತ್ತುಬಿಟ್ಟೆ.

ಅಪ್ಪಯ್ಯ ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾನೆ. ಕರೇಕಲ್ಲಿನ ಮನೆ ಸುಟ್ಟ ಮೇಲೆ ಜಾವಗಲ್ಲಿನ ಅನುಸೂಯಮ್ಮನವರ ತೆಂಗಿನ ತೋಟದಲ್ಲಿ ಕುರಿಗಳ ಜೊತೆಗೇ ಇದ್ದಾನಲ್ಲ. ಬಂದವನು ಸಗಣಿ ಬಾಚುತ್ತಾನೆ, ಹುಲ್ಲು ಹಾಕುತ್ತಾನೆ. ನಿಮ್ಮ ಕಾಗದ ಓದಿ ಹೇಳುತ್ತೇನೆ ಕೂತ್ಕೋ ಎಂದರೆ ಎದ್ದು ಹೊರಗೆ ಹೋಗುತ್ತಾನೆ. ಮುದ್ದೆ ಮುರಿಯುತ್ತಾನೆ, ನುಂಗುವುದಿಲ್ಲ. ಅಳಿಯನ ಚಿಂತೆ ಎಂದುಕೊಂಡಿದ್ದೇನೆ.

ಮೊನ್ನೆ ಅನುಸೂಯಮ್ಮನವರೇ ಎಳನೀರು ತಂದಿದ್ದರು. ಈ ಮನೆಯಲ್ಲಿ ಕಾಫಿ ಕುಡಿಯುವವರು ಈಗ ಅವರೊಬ್ಬರೇ. ‘ನಿಮ್ಮಪ್ಪನ ಪುಣ್ಯ ನೋಡಮ್ಮ. ವರ್ಷಾ ವರ್ಷಾ ಯುಗಾದಿ ಕಳ್ದ ಮ್ಯಾಲೆ ಗೊಬ್ಬರಕ್ಕೆ ಅಂತ ನಮ್ಮ ತೋಟದಾಗೆ ಮಂದೆ ಹಾಕೋನು, ಈ ಸಲ ನಾನು ಕೇಳ್ದೇ ಇದ್ರೂ ಬೆಂಕಿ ಬೀಳೋ ಹಿಂದಿನ ದಿನಾನೇ ಕುರಿ ಹೊಡ್ಕೊಂಬಂದ. ಒಂದು ಮರಿಗೂ ಬಿಸಿ ತಾಕ್ಲಿಲ್ಲ’ ಎಂದರು. ಕೇಳಿ ನನಗೂ ಸಮಾಧಾನವಾಯಿತು. ನಮ್ಮ ಪಾಲಿಗೆ ದೇವರು ಅರ್ಧ ಕಣ್ಣಾದರೂ ಬಿಟ್ಟಿದ್ದಾನೆ.

ಬೆಕ್ಕು ಹೋಗಿಲ್ಲ. ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ.

ಹೇಮಾಶ್ರೀ

*

ಜೈಲಿನಿಂದ
27 ಮಾರ್ಚ್ 2025

ಹೇಮಾ,

ಅನುಸೂಯಮ್ಮನವರು ಹೇಳಿದ್ದನ್ನು ಇನ್ಯಾರ ಹತ್ತಿರವೂ ಆಡಬೇಡ. ವಕೀಲರ ಹತ್ತಿರವೂ ಬೇಡ. ಮಾವನನ್ನು ಏನೂ ಕೇಳಬೇಡ. ಈ ಕಾಗದವನ್ನು ಒಲೆಗೆ ಹಾಕು.

ಮಧು

*

ಹಗರೆ
1 ಏಪ್ರಿಲ್ 2025

ರೀ,

ಒಲೆಗೆ ಹಾಕಿದೆ. ಅದು ಉರಿದು ಮುಗಿಯುವ ತನಕ ಅಲ್ಲೇ ಕೂತಿದ್ದೆ.

ಹೋದ ಕಾಗದದಲ್ಲಿ ಸಮಾಧಾನ ಎಂದು ಬರೆದೆನಲ್ಲ, ಬರೆದು ಅದೇ ಸಾಲನ್ನು ಮತ್ತೆ ಮತ್ತೆ ಓದಿದ್ದೆ. ನಾನು ಕುರಿ ಕಾಯುವವನ ಮಗಳು. ಗುಡ್ಡದ ಒಣಹುಲ್ಲನ್ನು ಬೇಸಿಗೆಯಲ್ಲಿ ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ, ಕುರಿಗಳು ಮೈ ತುಂಬಿಕೊಳ್ಳುತ್ತವೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕವಳಿದ್ದಾಗ ಹಸಿ ಸೊಪ್ಪಿನ ಕೊಂಬೆ ಹಿಡಿದು ಅಪ್ಪಯ್ಯನ ಹಿಂದೆ ನಾನೇ ಹೋಗುತ್ತಿದ್ದೆ. ಒಂದು ಪಟ್ಟೆ ಸುಡುವುದು, ಬಡಿದು ಆರಿಸುವುದು, ಆಮೇಲೆ ಇನ್ನೊಂದು ಪಟ್ಟೆ. ಅವರಪ್ಪ ಮಾಡಿದ್ದು, ಅವರಜ್ಜ ಮಾಡಿದ್ದು. ಆದರೆ ಸುಡುವುದಕ್ಕೆ ಮುಂಚೆ ಕುರಿಗಳನ್ನು ಗುಡ್ಡದಿಂದ ಇಳಿಸಬೇಕು. ಬೆಂಕಿ ಬೀಳುತ್ತದೆ ಎಂದು ಗೊತ್ತಿಲ್ಲದವನು ಹಿಂದಿನ ದಿನವೇ ಕುರಿ ಇಳಿಸುತ್ತಾನಾ?

ನಿನ್ನೆ ಹೊಸತೊಡಕು. ಎಲ್ಲರ ಮನೆಯಲ್ಲೂ ಬಾಡಿನ ಸಾರಿನ ಘಮ, ನಮ್ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಅಪ್ಪಯ್ಯ ಬಂದ. ಹಸುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ‘ಅಪ್ಪಯ್ಯ, ಗುಡ್ಡಕ್ಕೆ ಬೆಂಕಿ ಕೊಟ್ಟೋನು ನೀನಾ?’ ಎಂದು ಕೇಳಿಯೇ ಬಿಟ್ಟೆ.

‘ಗಾಳಿ ತಿರುಗ್ತು ಕಣವ್ವ’ ಎಂದ.

‘ಮತ್ಯಾಕೆ ಹೇಳ್ಲಿಲ್ಲ?’

‘ಮಧು ಬ್ಯಾಡ ಅಂದ. ನೀನು ಸುಮ್ಕಿರು ಮಾವ, ಎಲ್ಡು ದಿನದಾಗೆ ನನ್ನ ಬಿಡ್ತಾರೆ ಅಂದ. ಬಿಡ್ಲಿಲ್ಲ. ಆಮ್ಯಾಕೆ ನಂಗೆ ಹೆದ್ರಿಕೆ ಆಯ್ತವ್ವ.’

ಅಷ್ಟೇ ರೀ ಅವನು ಹೇಳಿದ್ದು. ಬೈಯಲು ಬಾಯಿ ತೆಗೆದೆ, ಅವನಿಗೆ ದಮ್ಮು ಹತ್ತಿತು, ನೀರಿಗೆ ಓಡಿದೆ. ನೀರು ಕುಡಿದು, ಮತ್ತೆ ಸಗಣಿ ಬಾಚಲು ಕೂತ. ಕಂಡವರ ದನದ ಸಗಣಿ! ಅವರ ಕೊಟ್ಟಿಗೆ ಸುಟ್ಟವನು ಬಾಚುತ್ತಿದ್ದಾನೆ, ಸುಡದವನು ಜೈಲಿನಲ್ಲಿ ಗೋಡೆ ನೋಡುತ್ತಿದ್ದಾನೆ. ಮಾವ ಅಳಿಯ ಇಬ್ಬರೂ ಸೇರಿ ನನ್ನನ್ನು ಗೂಟಕ್ಕೆ ಬಿಗಿದಿದ್ದೀರಿ. ಬಾಯಿ ಬಿಟ್ಟರೆ ಅಪ್ಪ ಹೋಗುತ್ತಾನೆ, ಬಿಡದಿದ್ದರೆ ಗಂಡ ಬರುವುದಿಲ್ಲ. ಯಾವ ಕಡೆ ಎಳೆದರೂ ಬಿಗಿಯುವುದು ನನ್ನ ಕುತ್ತಿಗೆಯೇ. ಏನು ಮಾಡಲಿ ಹೇಳಿ.

ಹೇಮಾಶ್ರೀ

*

ಜೈಲಿನಿಂದ
9 ಏಪ್ರಿಲ್ 2025

ಹೇಮಾ,

ಏನೂ ಮಾಡಬೇಡ.

ಅಮ್ಮ ಸತ್ತಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕರೇಕಲ್ಲಿಗೆ ತಂದವರು ಮಾವ. ತಂಗಿಯ ಮಗ ಎಂದು ಬೇರೆ ತಟ್ಟೆ ಇಡಲಿಲ್ಲ. ನಿನಗೆ ಒಂದು ತುತ್ತು ಕಡಿಮೆ ಮಾಡಿ ನನಗೆ ಹಾಕಿದ್ದು ನಿನಗೂ ನೆನಪಿರಬೇಕು, ಅದಕ್ಕೆ ನೀನು ನನ್ನ ಕೈ ಕಚ್ಚಿದ್ದೆ. ಬೆಂಕಿಯ ದಿನ ನಾನು ಗುಡ್ಡದ ಬುಡಕ್ಕೆ ಹೋದಾಗ ಅವರು ಒಬ್ಬರೇ ಕೊಂಬೆ ಹಿಡಿದು ಉರಿಯನ್ನು ಬಡಿಯುತ್ತಿದ್ದರು. ಎಲೆಯೆಲ್ಲ ಸುಟ್ಟು ಬರೀ ಕಡ್ಡಿ ಉಳಿದಿತ್ತು, ಆದರೂ ಬಡಿಯುತ್ತಲೇ ಇದ್ದರು. ನಾನು ಎಳೆದು ಆಟೋದಲ್ಲಿ ಕೂರಿಸಿದೆ. ಅವತ್ತು ಮೊದಲು ಇಳಿಸಿದ್ದು ಅವರನ್ನು, ದನ ಆಮೇಲೆ.

ಇಲ್ಲಿ ಒಂದೇ ಕೋಣೆಯಲ್ಲಿ ಬಹಳ ಜನ. ಮಗ್ಗುಲು ತಿರುಗಬೇಕಾದರೆ ಪಕ್ಕದವನೂ ತಿರುಗಬೇಕು. ನನಗೇ ಉಸಿರು ಕಟ್ಟುತ್ತದೆ, ಅವರ ಎದೆ ಇದನ್ನು ತಡೆಯುತ್ತದಾ? ನನಗೆ ವಯಸ್ಸಿದೆ, ಒಂದು ವರ್ಷ ಹೋದರೆ ಹೋಗಲಿ. ನೀನು ಬಾಯಿ ಬಿಟ್ಟರೆ, ನಾನು ಹೊರಗೆ ಬಂದರೂ ಆ ಮನೆಯೊಳಗೆ ಕಾಲಿಡುವುದಿಲ್ಲ. ಸಿಟ್ಟಿನಲ್ಲಿ ಬರೆದದ್ದಲ್ಲ ಇದು, ಯೋಚನೆ ಮಾಡಿ ಬರೆದದ್ದು.

ಮಧು

*

ಹಗರೆ
22 ಏಪ್ರಿಲ್ 2025

ರೀ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ನಾನು ಒಪ್ಪಿದೆ ಎಂದುಕೊಂಡಿರುತ್ತೀರಿ. ಒಪ್ಪಿಯೂ ಇದ್ದೆ, ಶುಕ್ರವಾರದ ತನಕ.

ಶುಕ್ರವಾರ ಜಾವಗಲ್ಲಿನ ಆಚೆ ಗವಿಗುಡ್ಡಕ್ಕೆ ಬೆಂಕಿ ಬಿತ್ತು. ಹೇಗೆ ಬಿತ್ತೋ, ಯಾರು ಬಲ್ಲರು. ಮೇಧಿನಿ ಮೇಡಂ ಫೋನ್ ಮಾಡಿ, ‘ಹೇಮಾ, ಗಾಡಿ ಸಾಲದು, ನಿಮ್ಮ ಆಟೋ ಕಳಿಸ್ತೀರಾ’ ಎಂದರು. ಕಳಿಸಲು ಯಾರಿದ್ದಾರೆ? ನಾನೇ ಓಡಿಸಿಕೊಂಡು ಹೋದೆ. ನೀವು ಕಲಿಸಿದ ಡ್ರೈವಿಂಗು ದಂಡವಾಗಲಿಲ್ಲ, ಗೇರು ಮಾತ್ರ ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಿತ್ತು.

ಆ ಗುಡ್ಡದ ಬುಡದ ಊರಿನ ಬಾಗಿಲಲ್ಲೇ ಗಾಡಿ ಅಡ್ಡ ನಿಲ್ಲಿಸಿದ್ದರು. ಎತ್ತಿನ ಗಾಡಿ. ಗಂಗಯ್ಯ ಅನ್ನುವವನು ಮೂಕಿಯ ಹತ್ತಿರ ನಿಂತು, ‘ಇವ್ರೇ ಕಣ್ರಲಾ ಕರೇಕಲ್ಲು ಸುಟ್ಟೋರು! ಒಳೀಕೆ ಬಿಟ್ರೆ ಊರು ಸುಟ್ಟು ದನ ಸಾಗಿಸ್ಕೊಂಡೋಯ್ತಾರೆ’ ಎಂದು ಕೂಗುತ್ತಿದ್ದ. ನಿಮ್ಮ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಇತ್ತು. ಮೇಧಿನಿ ಮೇಡಂ ರಸ್ತೆಯ ಮೇಲೆ ಮಂಡಿಯೂರಿ ಕೈ ಮುಗಿದರು. ‘ಜನ ಎಲ್ಲ ಇಳ್ದಾಗೈತೆ, ಬೆಂಕಿ ಹಳ್ಳ ದಾಟಾಕಿಲ್ಲ, ನೀವು ಹೊಂಡಿ’ ಎಂದರು ಊರಿನವರು. ಅವರಿಗೆ ಬೆಂಕಿಗಿಂತ ನಮ್ಮ ಭಯವೇ ಹೆಚ್ಚಾಗಿತ್ತು.

ಹಳ್ಳ ದಾಟಿತು. ಹಳ್ಳದ ದಡದ ಕೊಟ್ಟಿಗೆ ಗಂಗಯ್ಯನದೇ. ಗಾಡಿ ಪಕ್ಕಕ್ಕೆ ಎಳೆದು ನಾವು ಓಡುವಷ್ಟರಲ್ಲಿ ಮಾಡು ಹತ್ತಿಕೊಂಡಿತ್ತು. ಒಳಗೆ ಕಟ್ಟಿದ್ದ ಎತ್ತು ಕೂಗಿದ್ದನ್ನು ಕೇಳಿದೆ ರೀ. ಎತ್ತು ಹಾಗೂ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಜೋಡಿಯಲ್ಲಿ ಒಂದರ ಕೂಗು ಮೊದಲು ನಿಂತಿತು, ಆಮೇಲೆ ಇನ್ನೊಂದರದೂ ನಿಂತಿತು.

ಎಲ್ಲ ಆರಿದ ಮೇಲೆ ಗಂಗಯ್ಯ ನೆಲದ ಮೇಲೆ ಕೂತಿದ್ದವನು ನನ್ನ ಮುಖ ನೋಡಿದ. ‘ದಾರಿ ಬಿಟ್ಟಿದ್ರೆ ಉಳೀತಿದ್ವೇನವ್ವ?’ ಎಂದು ಕೇಳಿದ. ‘ಬೆಂಕಿ ಇಕ್ಕಿದ್ದು ನಿನ್ನ ಗಂಡ ಅಲ್ವಾ? ದಿಟ ಹೇಳು’ ಎಂದ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಿಮ್ಮ ಹಾಗೇ ಸುಮ್ಮನೆ ನಿಂತೆ. ಆ ಸುಮ್ಮನಿರುವುದು ಎಷ್ಟು ಹೊಲಸು ಎಂದು ಆಗ ಗೊತ್ತಾಯಿತು. ನನ್ನ ಬಾಯಲ್ಲಿ ಅವನ ಎತ್ತುಗಳ ಸಾವಿನ ಕಾರಣ ಇತ್ತು, ನಾನು ಅದನ್ನು ಉಗುಳು ನುಂಗಿದ ಹಾಗೆ ನುಂಗಿದೆ.

ನೀವು ಅಪ್ಪಯ್ಯನನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೀರಿ. ನಮ್ಮ ಮನೆಯ ಒಂದು ಗುಟ್ಟು ಉಳಿಯಲು ಇನ್ನೆಷ್ಟು ಕೊಟ್ಟಿಗೆ ಉರಿಯಬೇಕು? ನಾಳೆ ಇನ್ನೊಂದು ಊರಿನವರು ಗಾಡಿ ಅಡ್ಡ ಹಾಕುತ್ತಾರೆ. ಮಳೆಗೆ ಇನ್ನೂ ತಿಂಗಳಿದೆ. ಈ ಸಲ ಏನು ಮಾಡಲಿ ಎಂದು ನಾನು ಕೇಳುತ್ತಿಲ್ಲ. ನೀವು ಮನೆಗೆ ಕಾಲಿಡದಿದ್ದರೆ ಬೇಡ.

ಹೇಮಾಶ್ರೀ

*

ಹಗರೆ
18 ಜೂನ್ 2025

ಅಪ್ಪಯ್ಯ,

ಇದನ್ನು ವಕೀಲರು ನಿನಗೆ ಓದಿ ಹೇಳುತ್ತಾರೆ. ಪೂರ್ತಿ ಕೇಳು, ಮಧ್ಯೆ ಎದ್ದು ಹೋಗಬೇಡ.

ನಿನ್ನ ಅಳಿಯನಿಗೆ ಬೇಲು ಸಿಕ್ಕಿ ತಿಂಗಳಾಯಿತು ಎಂದು ನಿನಗೆ ಗೊತ್ತು, ಪ್ರತಿ ಸೋಮವಾರ ಜೈಲಿಗೆ ಬಂದು ನಿನ್ನನ್ನು ನೋಡುತ್ತಾರಲ್ಲ. ನಿನಗೆ ಅವರು ಹೇಳಿರದ ಒಂದು ವಿಷಯ ಇದೆ. ಅವರು ಮನೆಯೊಳಗೆ ಬರುವುದಿಲ್ಲ. ಹಾಲು ಕರೆಯುತ್ತಾರೆ, ಕೊಟ್ಟಿಗೆಯಲ್ಲಿ ಮಲಗುತ್ತಾರೆ, ನಾನು ತಟ್ಟೆ ತಂದಿಟ್ಟರೆ ಹಸುವಿನ ಪಕ್ಕ ಕೂತು ತಿನ್ನುತ್ತಾರೆ. ಮಾತು ಅಂದರೆ ಹಿಂಡಿ ಇದೆಯಾ, ಹಿಂಡಿ ಮುಗಿಯಿತಾ, ಅಷ್ಟೇ. ನನಗೆ ಗಂಡ ಬಂದ, ಬಾಗಿಲ ತನಕ ಮಾತ್ರ.

ಊರಿನ ಸುದ್ದಿ ಹೇಳುತ್ತೇನೆ. ಮಳೆಗೆ ಮುಂಚೆ ಇನ್ನೊಂದು ಕಡೆ ಬೆಂಕಿ ಬಿದ್ದಿತ್ತು. ಬಳಗದವರ ಗಾಡಿಗಳನ್ನು ಯಾರೂ ತಡೆಯಲಿಲ್ಲ. ಎತ್ತು ಕಳೆದುಕೊಂಡ ಆ ಗಂಗಯ್ಯನೇ ಬಂದು ಮುಂದೆ ನಿಂತು ಕೊಟ್ಟಿಗೆಗಳ ಬಾಗಿಲು ತೆಗೆಸಿದ. ದನ, ಕುರಿ, ಕೋಳಿ ಎಲ್ಲ ಇಳಿದವು. ಮೇಧಿನಿ ಮೇಡಂ ಇವರನ್ನು ಮತ್ತೆ ಅಣ್ಣ ಎನ್ನುತ್ತಿದ್ದಾರೆ. ಕರೇಕಲ್ಲು ಗುಡ್ಡದಲ್ಲಿ ಈಗ ಮೊಣಕಾಲೆತ್ತರ ಎಳೆ ಹುಲ್ಲು. ನಿನಗೆ ಶಾಪ ಹಾಕಿದವರೆಲ್ಲ ದನ ಹೊಡೆದುಕೊಂಡು ಅಲ್ಲಿಗೇ ಹೋಗುತ್ತಾರೆ. ನಿನ್ನ ಕುರಿಗಳನ್ನೂ ಅನುಸೂಯಮ್ಮನವರ ಆಳು ಅಲ್ಲಿಗೇ ಬಿಡುತ್ತಾನೆ, ಮೈ ತುಂಬಿಕೊಂಡಿವೆ.

ಆ ದಿನ ನಿನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಅರಸೀಕೆರೆಯ ಅರಣ್ಯ ಕಚೇರಿಗೆ ಹೊರಟಾಗ ನೀನು ಎಲ್ಲಿಗೆ ಎಂದು ಕೇಳಲಿಲ್ಲ. ಒಗೆದ ಅಂಗಿ ಹಾಕಿಕೊಂಡು, ಟವೆಲ್ಲಿನಲ್ಲಿ ಔಷಧಿ ಕಟ್ಟಿಕೊಂಡು ಬಂದಿದ್ದೆ. ಅಂದರೆ ನಿನಗೆ ಗೊತ್ತಿತ್ತು. ಹಳೇಬೀಡು ದಾಟಿದ ಮೇಲೆ ನಿನಗೆ ಹೇಳೋಣ ಎಂದುಕೊಂಡೆ, ಜಾವಗಲ್ ದಾಟಿದ ಮೇಲೆ ಎಂದುಕೊಂಡೆ, ಬಾಯಿ ಬರಲಿಲ್ಲ. ಗುಡ್ಡ ಕಾಣುವ ಕಡೆ ನೀನು ತಲೆ ತಗ್ಗಿಸಿದೆ. ಆಮೇಲೆ ನನ್ನ ಕಡೆ ತಿರುಗಿ ‘ತಿಂಡಿ ತಿಂದ್ಯೇನವ್ವ?’ ಎಂದು ಕೇಳಿದೆ. ದಾರಿಯಲ್ಲಿ ನೀನು ಆಡಿದ್ದು ಅದೊಂದೇ ಮಾತು. ಅರಣ್ಯದವರ ಮುಂದೆ ನಾನು ಎಲ್ಲ ಹೇಳಿದೆ, ನೀನು ‘ಹೂಂ ಸ್ವಾಮಿ, ಮಗಳು ಹೇಳಿದ್ದು ದಿಟ’ ಎಂದೆ. ನನ್ನನ್ನು ನೋಡಲಿಲ್ಲ.

ನಾನು ಮಾಡಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಸರಿ ಮಾಡಿದವಳಿಗೆ ನಿದ್ದೆ ಬರಬೇಕಲ್ಲ, ಬರುವುದಿಲ್ಲ. ದಮ್ಮು ಹೆಚ್ಚಾಗಿ ನಿನ್ನನ್ನು ಆಸ್ಪತ್ರೆಗೆ ಹಾಕಿ ಮತ್ತೆ ಕರೆತಂದರಂತೆ. ಇವರು ಅದನ್ನು ಹಸುವಿಗೆ ಹೇಳುವ ಹಾಗೆ ಹೇಳಿದರು, ನನಗೆ ಕೇಳಿಸಲಿ ಎಂದು.

ಈ ಸೋಮವಾರ ನಾನು ಬರುತ್ತೇನೆ. ಇಷ್ಟು ದಿನ ಬರಲಿಲ್ಲ, ಅಂಗಳದ ದನ ನೆಪ. ಅಂಗಳ ಖಾಲಿಯಾಗಿ ಬಹಳ ದಿನವಾಯಿತು. ನಿನಗೆ ಮುಖ ತೋರಿಸಲು ಹೆದರಿಕೆ, ಅಷ್ಟೇ. ಬೆನ್ನು ತಿರುಗಿಸಿ ಕೂತರೆ ಕೂರು, ಬೆನ್ನಿಗೇ ಮಾತಾಡುತ್ತೇನೆ. ಮನೆಹಾಳಿ ಅನ್ನು, ಹೆತ್ತಪ್ಪನ್ನ ಹಿಡ್ಕೊಟ್ಟೋಳು ಅನ್ನು, ಎಲ್ಲರೆದುರು ಬೈ. ಎಷ್ಟು ಬೈದರೂ ತಡೆದುಕೊಳ್ಳುತ್ತೇನೆ. ತಿಂಡಿ ತಿಂದ್ಯೇನವ್ವ ಅಂತ ಮಾತ್ರ ಕೇಳಬೇಡ.

ನಿನ್ನ ಮಗಳು,
ಹೇಮಾ